ರಿಜಿಸ್ಟರ್ ಅಕ್ಕ ಹೇಳಿದ ಒಂದು ಸುಳ್ಳು

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧಿ ಉಗ್ರಾಣಕ್ಕೂ ಬಟ್ಟೆ ಒಗೆಯುವ ಕೋಣೆಗೂ ನಡುವೆ, ರೋಗಿಗಳ ಹಳೆಯ ಕಡತಗಳನ್ನಿಡುವ ಉದ್ದನೆಯ ಕೋಣೆಯೊಂದಿತ್ತು. ಕಬ್ಬಿಣದ ಕಪಾಟುಗಳು ಸೂರಿಗೆ ತಾಗುವಷ್ಟು ಎತ್ತರ. ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗಿದರೆ ಇಲ್ಲಿ ಕಪಾಟುಗಳೂ ಸಣ್ಣಗೆ ನಡುಗುತ್ತಿದ್ದವು. ಯಾವ ಕಡತ ಎಲ್ಲಿದೆ ಎಂದು ಬರೆದಿಟ್ಟ ದಪ್ಪ ರಿಜಿಸ್ಟರುಗಳು ಬಾಗಿಲ ಪಕ್ಕದಲ್ಲೇ ಇದ್ದವು, ಆದರೆ ಅವನ್ನು ತೆರೆದವರಿಲ್ಲ. ಮೇಲಿನ ವಾರ್ಡುಗಳಿಂದ ಫೋನು ಬಂದರೆ ಅಲ್ಲಿದ್ದ ಗುಮಾಸ್ತೆ ಕುಳಿತಲ್ಲಿಂದಲೇ ಹನ್ನೊಂದನೇ ಕಪಾಟು, ಕೆಳಗಿನಿಂದ ಎರಡನೇ ಹಲಗೆ, ಹಸಿರು ದಾರ ಕಟ್ಟಿದ್ದು ಎಂದುಬಿಡುತ್ತಿದ್ದಳು. ರೋಗಿಯ ಹೆಸರು ಹೇಳಿದರೆ ನಂಬರು, ನಂಬರು ಹೇಳಿದರೆ ಸೇರಿದ ತಾರೀಖು, ತಾರೀಖು ಹೇಳಿದರೆ ಅವತ್ತು ಯಾವ ವಾರ, ಸಹಿ ಹಾಕಿದ ಡಾಕ್ಟರ ಪೆನ್ನಿನ ಶಾಯಿ ನೀಲಿಯೋ ಕಪ್ಪೋ, ಎಲ್ಲವೂ. ಹೀಗಾಗಿ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ಜನರ ಬಾಯಲ್ಲಿ ಅವಳು ರಿಜಿಸ್ಟರ್ ಅಕ್ಕ.

ಇಪ್ಪತ್ತೆರಡು ವರ್ಷ ಅದೇ ಕುರ್ಚಿ. ಅವಳ ಕೈಕೆಳಗೆ ಕೆಲಸ ಕಲಿತ ಮೂವರು ಬಡ್ತಿ ಪಡೆದು ಕಿಟಕಿ ಇರುವ ಕೋಣೆಗಳಿಗೆ ಹೋದರು. ಅವಳು ಅರ್ಜಿ ಹಾಕಿದಾಗಲೆಲ್ಲ ಸೂಪರಿಂಟೆಂಡೆಂಟರದ್ದು ಒಂದೇ ಪಲ್ಲವಿ: ಅಕ್ಕ ಮೇಲೆ ಬಂದುಬಿಟ್ಟರೆ ಕೆಳಗೆ ಕಡತ ಹುಡುಕುವವರು ಯಾರು? ಅವರು ಮೊದಲ ಸಲ ಹೀಗೆಂದದ್ದು ಒಂದು ಗುರುವಾರ. ಅವರ ಅಂಗಿಯ ಎರಡನೇ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿಯಲಾಗಿತ್ತು. ಎರಡನೆಯ ಸಲ ಅವರ ಬಾಯಲ್ಲಿ ಪೆಪ್ಪರಮಿಂಟಿತ್ತು. ಮೂರನೆಯ ಸಲ ತಲೆ ಎತ್ತಿಯೂ ನೋಡಲಿಲ್ಲ. ನಾಲ್ಕನೆಯ ಸಲ ನಕ್ಕರು. ಬೇರೆಯವರಾಗಿದ್ದರೆ ಬಡ್ತಿ ಕೊಡಲಿಲ್ಲ ಎಂಬ ಒಂದು ಕಹಿಯನ್ನು ಇಟ್ಟುಕೊಂಡು ಸುಮ್ಮನಾಗುತ್ತಿದ್ದರು. ಅವಳ ಹತ್ತಿರ ನಾಲ್ಕು ಕಹಿಗಳಿದ್ದವು, ನಾಲ್ಕೂ ಇವತ್ತು ಬೆಳಿಗ್ಗೆ ಅರೆದಿಟ್ಟಷ್ಟು ಹಸಿಯಾಗಿದ್ದವು.

ಇದು ಹುಟ್ಟಿನಿಂದ ಬಂದದ್ದು. ಶಾಲೆಯಲ್ಲಿ ಪಾಠವನ್ನು ಒಮ್ಮೆ ಓದಿದರೆ ಸಾಕು, ಅಲ್ಪವಿರಾಮ ಸಮೇತ ಒಪ್ಪಿಸುತ್ತಿದ್ದಳು. ಟೀಚರು ಅವಳನ್ನು ಮೇಜಿನ ಮೇಲೆ ನಿಲ್ಲಿಸಿ, ಬಂದ ಅತಿಥಿಗಳ ಮುಂದೆ ಗಿಳಿಯ ಹಾಗೆ ಹಾಡಿಸುತ್ತಿದ್ದರು. ಆದರೆ ಪರೀಕ್ಷೆಯಲ್ಲಿ ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು ಕೇಳಿದ ಪ್ರಶ್ನೆಗೆ ಅವಳು ಪುಸ್ತಕದ ಇಡೀ ಪುಟವನ್ನೇ ಇಳಿಸಿಬಿಟ್ಟಳು. ನಕಲು ಹೊಡೆದಿದ್ದಾಳೆಂದು ಅದೇ ಟೀಚರು ಸೊನ್ನೆ ಹಾಕಿ, ಅದೇ ಮೇಜಿನ ಪಕ್ಕದಲ್ಲಿ ನಿಲ್ಲಿಸಿದರು. ತನ್ನ ಮಾತು ಎಂದರೆ ಯಾವುದು ಎಂದು ಆ ಹುಡುಗಿಗೆ ನಿಜವಾಗಿಯೂ ಹೊಳೆಯಲಿಲ್ಲ. ಬಾಯಿ ತೆರೆದರೆ ಸಾಕು, ಯಾರೋ ಎಂದೋ ಆಡಿದ ಮಾತುಗಳೇ ಸಾಲುಗಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದವು. ಲೆಕ್ಕದ ಸೂತ್ರಗಳೆಲ್ಲ ಬಾಯಿಪಾಠ, ಲೆಕ್ಕ ಮಾತ್ರ ಬಾರದು. ಕಡೆಗೆ ಓದು ಅರ್ಧಕ್ಕೆ ನಿಂತಿತು. ಊರೆಲ್ಲ ಅದನ್ನು ವರ ಎಂದಿತು. ವರ ಕೊಟ್ಟವನು ಸಂಜೆ ಮನೆಗೆ ಬಂದ ಮೇಲೆ ಅದನ್ನು ಇಳಿಸಿ ನೇತುಹಾಕಲು ಒಂದು ಮೊಳೆಯನ್ನೂ ಕೊಡಬಾರದಿತ್ತೆ ಎಂದು ಅವಳು ಬಹಳ ಸಲ ಅಂದುಕೊಂಡಿದ್ದಾಳೆ.

ಗಂಡ ಲಿಫ್ಟು ರಿಪೇರಿ ಮಾಡುವವನು. ಒಳ್ಳೆಯ ಮನುಷ್ಯ, ಮಾತುಗಾರ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ ಕಥೆಗಳನ್ನು ಅವನ ಬಾಯಲ್ಲೇ ಕೇಳಬೇಕು. ಮದುವೆಯಾದ ಹೊಸದರಲ್ಲಿ ನೆಂಟರು ಬಂದರೆ ಅವನ ಸುತ್ತ ಗುಂಪು ಸೇರುತ್ತಿತ್ತು. ಒಮ್ಮೆ ಹೇಳಿದಾಗ ಲಿಫ್ಟಿನಲ್ಲಿ ಮೂವರಿದ್ದರೆ ಇನ್ನೊಮ್ಮೆ ಏಳು ಜನ, ಅವರಲ್ಲೊಬ್ಬಳು ತುಂಬು ಗರ್ಭಿಣಿ. ಅಡುಗೆಮನೆಯಿಂದ ಅವಳ ದನಿ ಬರುತ್ತಿತ್ತು: ಅವತ್ತು ಮೂವರೇ ಇದ್ದದ್ದಲ್ಲವೇ? ಬೇಕೆಂದು ಆಡಿದ್ದಲ್ಲ, ಸೀನು ಬಂದ ಹಾಗೆ ಬಂದುಬಿಡುತ್ತಿತ್ತು. ಹತ್ತಾರು ಸಲ ಹೀಗಾದ ಮೇಲೆ ಅವನು ಕಥೆ ಹೇಳುವುದನ್ನೇ ಬಿಟ್ಟ. ಜಗಳವಾಡುವುದನ್ನೂ ಬಿಟ್ಟ, ಜಗಳದಲ್ಲಿ ಅವಳನ್ನು ಗೆಲ್ಲುವುದು ಹೇಗೆ? ‘ನಾನು ಹಾಗಂದೇ ಇಲ್ಲ’ ಎಂದು ಎಲ್ಲ ಗಂಡಂದಿರಿಗೂ ಒದಗುವ ಒಂದು ತಡಿಕೆ ಮರೆ ಅವನ ಪಾಲಿಗಿರಲಿಲ್ಲ.

ಒಂದು ದಿನ ಮಾತ್ರ ತಡೆಯಲಾರದೆ ಅಂದಿದ್ದ: "ನೀನು ನನ್ನ ತಪ್ಪನ್ನೆಲ್ಲ ಕ್ಷಮಿಸ್ತೀಯ ಕಣೆ, ಇಲ್ಲ ಅನ್ನಲ್ಲ. ಆದ್ರೆ ಕ್ಷಮಿಸಿದ ತಾರೀಖೂ ಹೇಳ್ತೀಯಲ್ಲ, ಅದು ಕಷ್ಟ."

ಅವಳಿಗೆ ಅಳು ಬರಲಿಲ್ಲ, ರೇಗಿಹೋಯಿತು. ಯಾರ ಮೇಲೆ ರೇಗಬೇಕೆಂದು ಮಾತ್ರ ತಿಳಿಯಲಿಲ್ಲ. ಅವನು ಅಂದದ್ದು ನಿಜವಾಗಿತ್ತು. ಆ ನಿಜವೂ ಈಗ ಒಳಗೆ ಹೋಗಿ ಕುಳಿತಿತ್ತು, ಗಂಟೆ ನಿಮಿಷದ ಸಮೇತ.

ಅವಳಿಗೆ ನಲವತ್ತೇಳು ತುಂಬಿದ ವರ್ಷ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಇಬ್ಬರು ಶಿಷ್ಯರನ್ನು ಕಟ್ಟಿಕೊಂಡು ನೆಲಮಾಳಿಗೆಗೆ ಬಂದರು. ನೆನಪಿನ ಶಕ್ತಿಯ ಮೇಲೆ ಸಂಶೋಧನೆಯಂತೆ. ಹದಿನೈದು ದಿನ, ದಿನಕ್ಕೆರಡು ತಾಸು, ಅವಳ ಮುಂದೆ ಅಂಕಿಗಳ ಪಟ್ಟಿ, ಅರ್ಥವಿಲ್ಲದ ಶಬ್ದಗಳ ಪಟ್ಟಿ, ಗುರುತಿಲ್ಲದ ಮುಖಗಳ ಫೋಟೋ. ಅವಳು ಎಲ್ಲವನ್ನೂ ಒಪ್ಪಿಸಿದಳು. ಹಿಂದಿನಿಂದ ಮುಂದಕ್ಕೂ ಒಪ್ಪಿಸಿದಳು. ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೆದುಕೊಂಡರು. ಕೊನೆಯ ದಿನ ಪ್ರೊಫೆಸರು ಕೈಮುಗಿದು, ನೀವೇನಾದರೂ ಕೇಳುವುದಿದೆಯೇ ಎಂದರು.

"ಈ ಅಂಕಿಗಳನ್ನ ವಾಪಸ್ ತಗೊಳ್ಳೋದು ಯಾವಾಗ?" ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅವರು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಒಂದು ಸಾವಿರದ ಆರುನೂರು ಅಂಕಿಗಳು, ನಾನೂರು ಹುಚ್ಚು ಶಬ್ದಗಳು, ಇನ್ನೂರು ಅಪರಿಚಿತರ ಮುಖಗಳು ಅವಳೊಳಗೇ ಉಳಿಯುತ್ತವೆ. ಪಾತ್ರೆ ತೊಳೆಯುವಾಗ ಆ ಶಬ್ದಗಳು ತಾವಾಗಿಯೇ ಸಾಲಾಗಿ ಬರುತ್ತವೆ. ಸಂತೆಯಲ್ಲಿ ಆ ಮುಖಗಳು ಯಾರದೋ ಮೇಲೆ ಕೂರುತ್ತವೆ. ಇವನ್ನು ತೆಗೆಯಲು ಏನಾದರೂ ಇದೆಯೇ? ಪ್ರೊಫೆಸರು ಕನ್ನಡಕ ಒರೆಸಿಕೊಂಡು, ಅದರ ಬಗ್ಗೆ ಇನ್ನೂ ಸಂಶೋಧನೆ ನಡೆಯಬೇಕು ಎಂದರು. ಅವಳು ಚಹದ ಲೋಟಗಳನ್ನು ಒಂದಿಷ್ಟು ಜೋರಾಗಿಯೇ ಎತ್ತಿಟ್ಟಳು.

ತಿಂಗಳ ನಂತರ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಹದಿನೈದು ದಿನಗಳ ಪರೀಕ್ಷೆಯಲ್ಲಿ ಈ ಮಹಿಳೆಯ ನೆನಪಿನಲ್ಲಿ ಒಂದೇ ಒಂದು ತಪ್ಪೂ ಸಿಗಲಿಲ್ಲವೆಂದು ಪ್ರೊಫೆಸರು ಹೇಳಿಕೆ ಕೊಟ್ಟಿದ್ದರು. ಸೂಪರಿಂಟೆಂಡೆಂಟರು ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಚುಚ್ಚಿದರು. ಬಡ್ತಿಯ ಮಾತು ಎತ್ತಲಿಲ್ಲ.

ಆ ಪತ್ರಿಕೆ ಹಿಡಿದುಕೊಂಡೇ ಮುಂದಿನ ಭಾನುವಾರ ತಂಗಿ ಬಂದಳು.

ತಂಗಿಗೆ ಬೇರೆ ಊರಿನಲ್ಲಿ ಕೆಲಸ. ಇವರ ಅಮ್ಮ ಹೊಲಿಗೆಯವಳು. ಗಂಡ ಸತ್ತ ಮೇಲೆ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ವಯಸ್ಸಾದ ಮೇಲೆ ತಂಗಿಯ ಮನೆಯಲ್ಲಿದ್ದಳು. ಮಗು ಹುಟ್ಟಿ ಜಾಗ ಸಾಲದಾದಾಗ ತಂಗಿ, ಅಮ್ಮ ಆಸ್ಪತ್ರೆಗೆ ಹೋಗಿದ್ದ ಹೊತ್ತಿನಲ್ಲಿ, ಆ ಯಂತ್ರವನ್ನು ಗುಜರಿಯವನಿಗೆ ಕೊಟ್ಟುಬಿಟ್ಟಳು. ತುಕ್ಕು ಹಿಡಿದದ್ದು, ಹತ್ತು ವರ್ಷದಿಂದ ಯಾರೂ ಮುಟ್ಟದ್ದು. ಅಮ್ಮ ಕೂಗಾಡಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ದೊಡ್ಡ ಮಗಳ ಮನೆಗೆ ಬಂದವಳು ಚಿಕ್ಕವಳೊಂದಿಗೆ ಹನ್ನೊಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಹಾಸಿಗೆ ಹಿಡಿದಳು, ಇದೇ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ತೀರಿಕೊಂಡಳು. ತಂಗಿ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದಾಗಿ ಆರು ವರ್ಷ.

ಈ ಆರು ವರ್ಷ ಕೇಳದ್ದನ್ನು ತಂಗಿ ಈಗ ಕೇಳಿದಳು. ಪತ್ರಿಕೆ ಮೇಜಿನ ಮೇಲಿತ್ತು.

"ಅಕ್ಕಾ, ಅಮ್ಮ ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ? ಇದ್ದದ್ದು ಇದ್ದ ಹಾಗೇ ಹೇಳು. ನಿನಗೆ ಮರೆತಿರಲ್ಲ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಅವಳಿಗೆ ಅನುಭವದಿಂದಲೇ ಗೊತ್ತಿತ್ತು. ಆದರೆ ಅವಳನ್ನು ತಡೆದದ್ದು ಆ ಭಯವಲ್ಲ. ತಂಗಿಯ ಕಣ್ಣ ಕೆಳಗಿನ ಕಪ್ಪು. ನಿದ್ದೆ ಬರುವುದಿಲ್ಲ, ಮಗಳು ಬಟ್ಟೆ ಹರಿದುಕೊಂಡು ಬಂದರೂ ಸೂಜಿ ಮುಟ್ಟಲಾಗುವುದಿಲ್ಲ ಎಂದು ಆಗತಾನೇ ಹೇಳಿದ್ದಳು. ಅಮ್ಮ ಅಂದದ್ದು ಅಕ್ಕನ ಕಿವಿಯಲ್ಲಿ ಈಗ ಅಂದ ಹಾಗೇ ಇತ್ತು. ಅವಳು ಬರೋದು ಬೇಡ. ಬಂದರೂ ನನ್ನ ಮಂಚದ ಹತ್ತಿರ ಬಿಡಬೇಡಿ. ಅಮ್ಮನ ದನಿಯ ಒಣಕಲು, ‘ಬೇಡ’ ಎನ್ನುವಾಗ ಗೋಡೆಯ ಕಡೆ ತಿರುಗಿದ ಕುತ್ತಿಗೆ, ಎಲ್ಲ.

"ಮಿಷಿನ್ ಹೋದ್ರೆ ಹೋಗ್ಲಿ, ಅವಳನ್ನ ಯಾರೂ ಬೈಬೇಡಿ ಅಂದ್ಲು," ಎಂದಳು ಅಕ್ಕ. "ಪಾಪ, ದೂರದಲ್ಲಿ ಒಬ್ಬಳೇ ಒದ್ದಾಡ್ತಾ ಇದ್ದಾಳೆ ಅಂದ್ಲು."

ಜನ್ಮದಲ್ಲಿ ಮೊದಲ ಸಲ ಆಡಿದ ಸುಳ್ಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವಳ ಬಾಯಿಂದ ಎಂದೂ ತಾರೀಖಿಲ್ಲದ ಮಾತು ಬಂದದ್ದಿಲ್ಲವಲ್ಲ, ತಂಗಿ ಎಂದಿನಂತೆ ಯಾವಾಗ ಎಂದು ಕೇಳಿದಳು. ಇಲ್ಲದ ಗಳಿಗೆಯನ್ನು ಹುಟ್ಟಿಸಲು ಅಕ್ಕನಿಗೆ ಬರಲಿಲ್ಲ. ಇದ್ದ ಗಳಿಗೆಯನ್ನೇ ಕೊಟ್ಟಳು: ಮಂಗಳವಾರ, ಮಧ್ಯಾಹ್ನ ನಾಲ್ಕೂ ಹತ್ತು, ನರ್ಸು ಆಗತಾನೇ ಬಾಟಲಿ ಬದಲಿಸಿ ಹೋಗಿದ್ದಳು, ಮಾವ ಕಿಟಕಿಯ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದರು. ಎಲ್ಲ ನಿಜ. ಒಂದು ವಾಕ್ಯವನ್ನಷ್ಟೇ ತೆಗೆದು ಬೇರೆಯದನ್ನು ಇಟ್ಟಿದ್ದಳು.

ತಂಗಿ ಮೇಜಿಗೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಹೋಗುವಾಗ ಹಗುರಾಗಿದ್ದಳು, ಬಸ್ ನಿಲ್ದಾಣದವರೆಗೂ ಮಗಳ ಶಾಲೆಯ ಮಾತು ಆಡಿದಳು. ಅಕ್ಕನಿಗೂ ಒಂದು ಕ್ಷಣ ಹಾಯೆನಿಸಿತು.

ಆದರೆ ಮಾವ ಒಬ್ಬರಿದ್ದರಲ್ಲ. ಅಮ್ಮನ ತಮ್ಮ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಎಪ್ಪತ್ತೊಂದನೇ ವಯಸ್ಸಿನಲ್ಲಿ ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದವರು. ನಡುಗಿದ್ದು ಕೈ ಮಾತ್ರ, ತಲೆ ಗಟ್ಟಿ. ಬಂಧುಗಳ ಮನೆಯೊಂದರಲ್ಲಿ ಎಲ್ಲರೂ ಸೇರಿದ್ದಾಗ ತಂಗಿ, ಸಂತೋಷ ತಡೆಯಲಾರದೆ, ಅಮ್ಮ ನನ್ನನ್ನು ಕ್ಷಮಿಸಿದ್ದಳು ಎಂದು ಕಥೆ ಹೇಳಿದಳು. ಮಾವ ಕಿತ್ತಳೆ ಸುಲಿಯುತ್ತಿದ್ದದ್ದನ್ನೂ ಹೇಳಿದಳು. ಮಾವ ತಲೆಯೆತ್ತಿ, ಇಲ್ಲವಲ್ಲ, ನಾನು ಅಲ್ಲೇ ಇದ್ದೆ, ಅಕ್ಕಯ್ಯ ಹಾಗೆ ಅನ್ನಲಿಲ್ಲ ಎಂದರು. ಏನಂದಳೋ ಅದನ್ನೂ ಹೇಳಿಬಿಟ್ಟರು.

ಎಲ್ಲರೂ ಮುದುಕನ ಮೇಲೆ ಮುಗಿಬಿದ್ದರು. ರಿಜಿಸ್ಟರೇ ಹೇಳಿದ್ದಾಳೆ, ಗಂಟೆ ನಿಮಿಷ ಸಮೇತ; ಪ್ರೊಫೆಸರೇ ಪತ್ರಿಕೆಯಲ್ಲಿ ಬರೆಸಿದ್ದಾನೆ, ಒಂದು ತಪ್ಪೂ ಇಲ್ಲ ಅಂತ. ಮಾವ ಹಟ ಬಿಡಲಿಲ್ಲ. ಹಟ ಮಾಡಿದಷ್ಟೂ ಅವರ ಜೊತೆಗಿದ್ದ ಸೊಸೆಗೆ, ಮಗನ ಹೆಂಡತಿಗೆ, ಅನುಮಾನ ಬಲವಾಯಿತು: ಮೊನ್ನೆ ಕನ್ನಡಕ ಫ್ರಿಜ್ಜಿನಲ್ಲಿಟ್ಟಿದ್ದರು, ಹಾಲಿನವನ ಹೆಸರು ಮರೆತಿದ್ದರು. ಹುಡುಕಿದರೆ ಯಾರ ಮನೆಯಲ್ಲಿ ಇಂಥದ್ದು ನಾಲ್ಕು ಸಿಗುವುದಿಲ್ಲ? ರಿಜಿಸ್ಟರ್ ಅಕ್ಕ ಆ ದಿನ ಅಲ್ಲಿರಲಿಲ್ಲ. ವಿಷಯ ಫೋನಿನಲ್ಲಿ ತಿಳಿಯಿತು. ಸೊಸೆ ನಗುತ್ತಲೇ ಹೇಳಿದಳು. ಅವಳು ಹೂಂ ಎಂದಳು, ಬೇರೇನೂ ಅನ್ನಲಿಲ್ಲ. ನಿಜ ಹೇಳಿದರೆ ತಂಗಿ ಮತ್ತೆ ಮುಳುಗುತ್ತಾಳೆ. ಹೇಳದಿದ್ದರೆ ಮಾವ ಮುಳುಗುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೇರೆಯವರು ಲೆಕ್ಕವಿಲ್ಲದಷ್ಟು ಸುಳ್ಳು ಹೇಳಿ ಮರುದಿನ ಮರೆತು ಹಾಯಾಗಿರುತ್ತಾರೆ, ತನ್ನ ಒಂದೇ ಒಂದು ಸುಳ್ಳು ಇಷ್ಟು ಬೇಗ ಬೇರು ಬಿಟ್ಟಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎರಡನೇ ಮಹಡಿಯಿಂದ ಹೊಸ ಕಡತವೊಂದು, ಹಳೆಯ ಕಾಗದಗಳಿದ್ದರೆ ಸೇರಿಸಿಕೊಡಿ ಎಂಬ ಚೀಟಿಯೊಂದಿಗೆ ಕೆಳಗೆ ಬಂತು. ಮೇಲಿದ್ದದ್ದು ಮಾವನ ಹೆಸರು. ಅವಳು ತೆರೆದಳು. ಡಾಕ್ಟರು ಮನೆಯವರು ಹೇಳಿದ್ದನ್ನು, ಮಾವ ಅಮ್ಮನ ಬಾಯಿಂದ ಕೇಳಿದೆ ಎಂದ ಮಾತು ಸಮೇತ, ಬರೆದುಕೊಂಡಿದ್ದರು. ಮೊದಲ ಸಾಲು: ನಡೆಯದ ಘಟನೆಯನ್ನು ನಡೆದಿದೆ ಎಂದು ಹಟ ಹಿಡಿಯುತ್ತಾರೆ.

ಕಡತ ಕಂಕುಳಲ್ಲಿಟ್ಟುಕೊಂಡು ಅವಳು ಮೆಟ್ಟಿಲು ಹತ್ತಿದಳು. ಮಾವ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಸೊಸೆ ಚೀಟಿ ಮಾಡಿಸಲು ಹೋಗಿದ್ದಳು. ಅವರು ಬೆರಳು ಮಡಚುತ್ತ ಏನನ್ನೋ ಎಣಿಸಿಕೊಳ್ಳುತ್ತಿದ್ದರು. ವಾರದ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಾರಂತೆ, ಅದಕ್ಕೆ ತಯಾರಿ.

ಅವಳನ್ನು ಕಂಡು ಅವರು ಸ್ವಲ್ಪ ಸರಿದು ಜಾಗ ಕೊಟ್ಟರು. "ಬಾಮ್ಮ. ಒಳಗೆ ಹೋಗೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು ನಿನ್ನ. ನಾನು ಅವತ್ತು ಕೇಳಿದ್ದು ಕೇಳೇ ಇಲ್ವಾ? ನನಗೆ ಅಕ್ಕಯ್ಯ ಗೋಡೆ ಕಡೆ ತಿರುಗಿದ್ದೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದೂ ನನ್ನ ಕಲ್ಪನೆನಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅದನ್ನು ಕಂಡು ಅವಳಿಗೆ ನಾಚಿಕೆಯಾಯಿತು.

"ನೀವು ಕೇಳಿದ್ದೇ ಸರಿ ಮಾವ. ನಾನು ಸುಳ್ಳು ಹೇಳಿದೆ."

ಅವರು ಎಣಿಸಲೆಂದು ಮಡಚಿದ್ದ ಬೆರಳುಗಳನ್ನು ಬಿಡಿಸಿದರು. ಎದೆಯೊಳಗಿನ ಉಸಿರೆಲ್ಲ ಹೊರಗೆ ಬಂತು. ಆಮೇಲೆ ಸಿಟ್ಟು ಬಂತು. ಇಪ್ಪತ್ತು ದಿನದಿಂದ ತಾನು ರಾತ್ರಿ ಮಲಗುವ ಮುಂಚೆ ಮೊಮ್ಮಕ್ಕಳ ಹೆಸರು ಹೇಳಿಕೊಂಡು ಮಲಗುತ್ತಿದ್ದೇನೆ, ಬೆಳಿಗ್ಗೆ ಅವು ಇರುತ್ತವೋ ಇಲ್ಲವೋ ಎಂದು ಹೆದರಿ, ಎಂದರು. ಅವಳು ತಲೆ ತಗ್ಗಿಸಿದಳು. ತಂಗಿಯ ನಿದ್ದೆಯ ವಿಷಯ ಹೇಳಿದಳು, ಸೂಜಿಯ ವಿಷಯ ಹೇಳಿದಳು. ಅವರು ಕೇಳಿಸಿಕೊಂಡರು.

"ಹೇಳೋದು ಹೇಳ್ದೆ," ಎಂದರು ಕಡೆಗೆ, "ನಾನಿಲ್ಲದ ಹೊತ್ತಲ್ಲಿ ಅಂದ್ಲು ಅಂತ ಹೇಳ್ಬಾರ್ದಿತ್ತಾ? ನಾನು ಆ ವಾರ್ಡಲ್ಲಿ ಇದ್ದದ್ದೇ ದಿನಕ್ಕೆ ಒಂದು ಗಂಟೆ."

"ಇಲ್ಲದ್ದನ್ನ ಹೇಳೋಕೆ ನನಗೆ ಬರಲ್ಲ ಮಾವ."

"ಬರಲ್ಲ ಅನ್ನೋದು ಕಾಣ್ತಾ ಇದೆ."

ತಂಗಿಗೆ ನಿಜ ಹೇಳಲೇ ಎಂದು ಅವಳು ಕೇಳಿದಳು. ಅವರು ಕೈಯಾಡಿಸಿ ಬೇಡವೆಂದರು. ಆ ಹುಡುಗಿ ನಿದ್ದೆ ಮಾಡಲಿ. ತಾನು ನಾಲ್ಕು ಜನರ ಬಾಯಲ್ಲಿ ಮರೆಗುಳಿ ಎನ್ನಿಸಿಕೊಂಡರೆ ಕಳೆದುಹೋಗುವುದೇನಿಲ್ಲ, ತನಗೆ ಗೊತ್ತಿದ್ದರೆ ಸಾಕು. ಆದರೆ ಮಾತ್ರೆ ಗೀತ್ರೆ ನುಂಗುವುದಿಲ್ಲ, ಅದನ್ನು ನೀನೇ ಡಾಕ್ಟರಿಗೆ ಹೇಳು ಎಂದರು. ಅಷ್ಟು ಹೇಳುವಾಗ ಮುಖ ಮಾತ್ರ ಗಂಟಾಗಿಯೇ ಇತ್ತು. ಒಳ್ಳೆಯತನ ತೋರಿಸಲು ಅವರಿಗೂ ಮನಸ್ಸಿರಲಿಲ್ಲ, ಬೇರೆ ದಾರಿ ಕಾಣದೆ ತೋರಿಸುತ್ತಿದ್ದರು.

ಸೊಸೆ ಬರುವುದರೊಳಗೆ ಅವಳು ಒಳಗೆ ಹೋಗಿ ಡಾಕ್ಟರ ಮುಂದೆ ನಿಂತಳು. ಚಿಕ್ಕ ವಯಸ್ಸಿನ ಡಾಕ್ಟರು, ಪೂರ್ತಿ ಕೇಳಿಸಿಕೊಂಡರು. ಹಾಗಾದರೆ ಆ ಸಾಲನ್ನು ಹೊಡೆದುಬಿಡಿ ಎಂದು ಅವಳು ಕೇಳಿದಳು. ಬರೆದದ್ದನ್ನು ಹೊಡೆಯುವ ಹಾಗಿಲ್ಲ, ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಅವರು ಅದರ ಕೆಳಗೆ ಇನ್ನೊಂದು ಸಾಲು ಬರೆದರು: ‘ಸದರಿ ಘಟನೆ ರೋಗಿ ಹೇಳಿದಂತೆಯೇ ನಡೆದದ್ದು ನಿಜವೆಂದು, ಹಾಜರಿದ್ದ ಅಕ್ಕನ ಮಗಳ ಹೇಳಿಕೆ.’ ಪರೀಕ್ಷೆಗಳನ್ನೂ ಮಾಡಿದರು. ಮಾವ ವಾರದ ದಿನಗಳನ್ನು ಹಿಂದಿನಿಂದ ತಪ್ಪಿಲ್ಲದೆ ಹೇಳಿದರು, ಗಡಿಯಾರದ ಚಿತ್ರ ಬರೆಯಲು ಹೇಳಿದರೆ ಒಳಗಿನ ಚಕ್ರಗಳನ್ನೂ ಬರೆಯಲು ಹೊರಟರು. ವಯಸ್ಸಿಗೆ ತಕ್ಕ ಮರೆವು, ಔಷಧಿ ಬೇಡ ಎಂದು ಕಳಿಸಿಕೊಟ್ಟರು. ಸೊಸೆ ಅದನ್ನು ‘ಮರೆವು ಇದೆಯಂತೆ’ ಎಂದು ಎಲ್ಲರಿಗೂ ತಿಳಿಸಿದಳು.

ಆಮೇಲೆ ಎಲ್ಲವೂ ಇದ್ದ ಹಾಗೇ ನಡೆಯಿತು. ತಂಗಿ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಮಾವನ ಬಗ್ಗೆ ಮಾತು ಬಂದರೆ ಪಾಪ ಎನ್ನುತ್ತಾಳೆ. ಮಾವ ಬಂಧುಗಳ ಮನೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ. ಅಕ್ಕನ ಕಿವಿಯಲ್ಲಿ ಮೊದಲು ಅಮ್ಮನ ಒಂದು ವಾಕ್ಯವಿತ್ತು. ಈಗ ಅದೇ ಮಂಗಳವಾರದ ನಾಲ್ಕೂ ಹತ್ತಕ್ಕೆ ಎರಡು ವಾಕ್ಯಗಳಿವೆ. ಎರಡೂ ಅಮ್ಮನ ದನಿಯಲ್ಲೇ ಬರುತ್ತವೆ, ಒಂದನ್ನೊಂದು ತಳ್ಳುತ್ತ.

ಮಾವನ ಕಡತ ಎಂಟು ದಿನ ಬಿಟ್ಟು ಕೆಳಗೆ ಬಂತು, ಖಾಯಂ ಆಗಿ ಇಡಲು. ಅಮ್ಮ ಅಂದದ್ದೇನೆಂಬುದಕ್ಕೆ ಲೋಕದಲ್ಲಿರುವ ಒಂದೇ ಲಿಖಿತ ಸಾಕ್ಷಿ ಅದು. ನಾಳೆ ಸೊಸೆಯೋ ತಂಗಿಯೋ ನಕಲು ಕೇಳಿದರೆ ಕೊಡಲೇಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಡತವೂ ಕಾಣೆಯಾಗಲಿ ಎಂದು ಬಯಸದವಳು ಅವತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ಕಪಾಟುಗಳ ನಡುವೆ ಹತ್ತು ನಿಮಿಷ ನಿಂತಳು. ಬೇರೆ ಯಾವುದೋ ಹಲಗೆಯಲ್ಲಿ, ಬೇರೆ ಯಾವುದೋ ವರ್ಷದ ಕಟ್ಟಿನೊಳಗೆ ತುರುಕಿದರೆ ಯಾರ ಅಪ್ಪನಿಗೂ ಸಿಗುವುದಿಲ್ಲ. ಆದರೆ ಯಾವ ಹಲಗೆ, ಯಾವ ಕಟ್ಟು ಎಂದು ಅವಳಿಗೆ ಗೊತ್ತಿರುತ್ತದೆ, ಸಾಯುವವರೆಗೂ. ಕೇಳಿದಾಗ ಇಲ್ಲವೆನ್ನಬೇಕಾಗುತ್ತದೆ. ಅಂದರೆ ಎರಡನೇ ಸುಳ್ಳು.

"ಹಾಳಾಗಿ ಹೋಗು," ಎಂದು ಕಡತಕ್ಕೆ ಬೈದು, ಹತ್ತೊಂಬತ್ತನೇ ಕಪಾಟಿನ ಮೇಲಿನಿಂದ ಮೂರನೇ ಹಲಗೆಯಲ್ಲಿ, ಅದು ಇರಬೇಕಾದ ಜಾಗದಲ್ಲೇ ಇಟ್ಟಳು. ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಿತ್ತು. ಐದನೇ ವಾರ್ಡಿನವರಿಗೆ ಹದಿನಾಲ್ಕು ವರ್ಷದ ಹಿಂದೆ ಕಾಲು ಮುರಿದುಕೊಂಡಿದ್ದ ಒಬ್ಬ ಬಡಗಿಯ ಎಕ್ಸ್‌ರೇ ಬೇಕಿತ್ತು. ಎಲ್ಲಿದೆಯೆಂದು ಅವಳು ಹೇಳಿದಳು.